ಪಾದೋದಕವೂ ಕಾಲುವೆಯ ನೀರೂ

ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಗುರು-ಲಿಂಗ-ಜಂಗಮರ ಸಂಬಂಧವಾದೊಡನೆ ನೀರು ಬರಿಯ ನೀರಾಗಿ ಉಳಿಯುವುದಿಲ್ಲ. ಹನಿಯಷ್ಟಿದ್ದರೂ ಭಕ್ತನು ಅದನ್ನು ನೆಲಕ್ಕೆ ಚೆಲ್ಲದಂತೆ ಸ್ವೀಕರಿಸುವನು. ಹೀಗಿರಲು, ಬೆಳಗಿನ ಲಿಂಗಪೂಜೆಯಲ್ಲಿ ಹನಿಯನ್ನು ಕಾಪಾಡಿದ ಭಕ್ತನೇ ರಾತ್ರಿ ಕಾಲುವೆಯ ದಂಡೆಗೆ ಹೋಗಿ ನೆರೆಯವನ ಸರದಿಯ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡರೆ, ಆ ಎರಡು ನೀರುಗಳಲ್ಲಿ ಅವನು ಕಂಡ ಭೇದವಾವುದು? ತುಂಗಭದ್ರಾ ತೀರದ ಸದ್ಭಕ್ತರು ವಿಚಾರಿಸಬೇಕಾದ ಪ್ರಶ್ನೆಯಿದು.

ನೀರಿನ ಕೊರತೆಗೆ ಮಳೆಯನ್ನು ದೂರುವುದು ಲೋಕರೂಢಿ. ಮಳೆ ಕೈಕೊಟ್ಟ ವರುಷಗಳುಂಟು, ನಿಜ. ಆದರೆ ಹೊಸಪೇಟೆಯ ಜಲಾಶಯವು ತುಂಬಿದ ವರುಷದಲ್ಲಿಯೂ ಕಾಲುವೆಯ ಕೊನೆಯ ಹೊಲಗಳು ಬಾಯಾರಿ ನಿಂತುದನ್ನು ಕಂಡವರು ಮೇಘರಾಜನನ್ನು ಹೇಗೆ ದೂರಿಯಾರು? ೧೯೪೫ರಲ್ಲಿ ಅಸ್ತಿವಾರ ಕಂಡು ೧೯೫೩ರಲ್ಲಿ ನೀರು ಹರಿಸಿದ ಈ ಅಣೆಕಟ್ಟಿನ ಮೂಲೋದ್ದೇಶವು ಬರದ ಸೀಮೆಯ ರಕ್ಷಣೆ. ಸ್ವಲ್ಪ ಸ್ವಲ್ಪ ನೀರನ್ನು ಬಹಳ ಹೊಲಗಳಿಗೆ ಹಂಚಿ, ಜೋಳ, ಹತ್ತಿ, ಕಡಲೆಗಳನ್ನು ಉಳಿಸಬೇಕೆಂಬುದು ಅದನ್ನು ಯೋಜಿಸಿದವರ ಎಣಿಕೆ. ಬತ್ತ-ಕಬ್ಬುಗಳಿಗೆ ಸಲ್ಲುವ ಭೂಮಿ ಅಲ್ಪಭಾಗ ಮಾತ್ರ.

ನಡೆದುದು ಬೇರೆ. ಹೊಸಪೇಟೆಯ ಎದುರುದಂಡೆಯ ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆಯನ್ನೇ ನೋಡಬಹುದು. ಗಂಗಾವತಿ, ಸಿಂಧನೂರುಗಳ ಕಡೆ ಮೇಲುಭಾಗದ ಹೊಲಗಳೆಲ್ಲ ಬತ್ತದ ಗದ್ದೆಗಳಾದವು. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರು ಬತ್ತವನ್ನು ಹರಡಿದರೆಂದು ಕೆಲವರು ಹೇಳುವರು. ಅದು ಅರ್ಧಸತ್ಯ, ಅವರನ್ನು ಕಂಡು ಊರಿನವರೂ ಹಿಂದುಳಿಯಲಿಲ್ಲ. ಬತ್ತಕ್ಕೆ ಅಕ್ಕಿಗಿರಣಿ ಬಂತು, ಗಿರಣಿಗೆ ಸಾಲ ಬಂತು, ಸಾಲ ತೀರಿಸಲು ಎರಡನೆಯ ಬೆಳೆ ಬೇಕಾಯಿತು. ತೂಬಿನ ಬಾಯಿ ದೊಡ್ಡದಾಯಿತು. ಅಪ್ಪಣೆಯಿಲ್ಲದ ಕೊಳವೆಗಳು ಕಾಲುವೆಯೊಳಗಿಳಿದವು. ಬಲವಿದ್ದವನ ಮಾತನ್ನು ನೀರುಗಂಟಿಯು ಮೀರಲಾರದೆ ಹೋದನು. ಕಡೆಗೆ ಮಾನ್ವಿ, ರಾಯಚೂರುಗಳ ಕಡೆಯ ರೈತನಿಗೆ ಉಳಿದುದು ಒಣ ಕಾಲುವೆ, ಕಂದಾಯದ ಚೀಟಿ ಮತ್ತು ಧರಣಿ.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳು ಇದೇ ರಾಯಚೂರು ಸೀಮೆಯ ಅಮರೇಶ್ವರದವರು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ, ಅಂದಿನ ದಾಸೋಹಕ್ಕೆ ಸಾಲುವಷ್ಟನ್ನು ಇರಿಸಿಕೊಂಡು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿ ಕದ್ದುದಲ್ಲ, ಯಾರೂ ಕೇಳುವಂತಿರಲಿಲ್ಲ. ಆದರೂ ಮಿಗಿಲಾದುದು ಅವಳ ಕಣ್ಣಿಗೆ ಪ್ರಸಾದವಾಗಿ ಕಾಣಲಿಲ್ಲ. ಇಂದು ಅದೇ ಸೀಮೆಯಲ್ಲಿ, ಅದೇ ಅಕ್ಕಿಯ ಸಲುವಾಗಿ, ಕೊನೆಯ ಹೊಲದ ನೀರು ಮೇಲಿನ ಗದ್ದೆಯಲ್ಲಿ ನಿಂತಿದೆ.

“ನಾನೊಬ್ಬನು ಬಿಟ್ಟರೆ ಕೊನೆಯ ಹೊಲ ತುಂಬುವುದೇ?” ಎಂದು ಕೇಳುವವರುಂಟು. ಮಹಾಮನೆಯ ಕಣಜ ಬರಿದಾಗಿದೆಯೆಂದು ಲಕ್ಕಮ್ಮನು ಅಕ್ಕಿಯನ್ನು ಹಿಂದಿರುಗಿಸಲಿಲ್ಲವಷ್ಟೆ.

ಬಲದಂಡೆಯವರು ಇದು ಆಚೆಯವರ ಮಾತೆಂದು ಸುಮ್ಮನಿರುವಂತಿಲ್ಲ. ಹಂಪೆ, ಕಂಪ್ಲಿಗಳ ಬಾಳೆ, ಕಬ್ಬು, ಬತ್ತಗಳಿಗೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುತ್ತಿವೆ. ಅವುಗಳಲ್ಲೊಂದರ ಹೆಸರೇ ಬಸವಣ್ಣ ಕಾಲುವೆ. ಹಳೆಯ ಹಕ್ಕೆಂಬ ಕಾರಣದಿಂದ ಅಲ್ಲಿ ನೀರು ವರ್ಷದ ಬಹುಕಾಲ ಹರಿಯುತ್ತದೆ. ಹಕ್ಕಿದೆಯೆಂದ ಮಾತ್ರಕ್ಕೆ ಬದುವೊಡೆದು ಪೋಲುಮಾಡುವ ಅಧಿಕಾರ ಬಂದಂತಾಗಲಿಲ್ಲ. ಸಂಡೂರಿನ ಬೆಟ್ಟಗಳ ಕಥೆ ಇನ್ನೊಂದು ಬಗೆ. ಅದಿರಿನ ಆಸೆಗೆ ಕಾಡು ಕಡಿದು ಗುಡ್ಡ ಬಗೆದಾಗ ಸಡಿಲವಾದ ಕೆಮ್ಮಣ್ಣು ಮಳೆಯೊಡನೆ ಹಳ್ಳ-ಕೆರೆಗಳಿಗಿಳಿಯಿತು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಬೇಕಾಯಿತು. ದೊಡ್ಡ ಜಲಾಶಯಕ್ಕೂ ಮೇಲಿನ ಸೀಮೆಗಳಿಂದ ಮಣ್ಣು ಬಂದು ಸೇರಿದೆ. ಮೊದಲು ಸುಮಾರು ೧೩೩ ಟಿಎಂಸಿ ಹಿಡಿಯುತ್ತಿದ್ದ ಪಾತ್ರೆಯು ಈಗ ಸುಮಾರು ೧೦೫ ಟಿಎಂಸಿ ಹಿಡಿಯುವಷ್ಟಕ್ಕೆ ಇಳಿದಿದೆ. ಪಾತ್ರೆ ಕಿರಿದಾದಂತೆ ಉಣ್ಣುವವರ ಹಸಿವು ಹಿರಿದಾಯಿತು.

೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಪೋಲಾಗುವ ನೀರನ್ನು ಕಂಡು ಎರಡು ದಂಡೆಗಳವರೂ ಮರುಗಿದರು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನಿಳಿಸಿ ಒಂದು ವಾರದಲ್ಲಿ ಅದನ್ನು ಮುಚ್ಚಿದ ಕೆಲಸಗಾರರ ಕಾಯಕವನ್ನು ನಾಡೇ ಕೊಂಡಾಡಿತು. ಆದರೆ ರಾತ್ರಿಯ ಹೊತ್ತು ಸದ್ದಿಲ್ಲದೆ ಸಾವಿರ ಬಾಯಿಗಳಿಂದ ಸೋರುವ ನೀರಿಗೆ ಮರುಗುವವರಾರು?

ಮುಂಗಾರಿನ ನೀರು ಬಿಡುವ ಮುನ್ನ ಊರಿನ ಹಿರಿಯರು ಮಠದ ಅಂಗಳದಲ್ಲಿ ಸೇರಿ, ತೂಬಿನಿಂದ ತೂಬಿಗೆ ಸರದಿಯನ್ನು ಗೊತ್ತುಮಾಡಿ, ಯಾವ ಹೊಲಕ್ಕೆ ಯಾವ ಬೆಳೆಯೆಂಬುದನ್ನು ಬಹಿರಂಗವಾಗಿ ಒಪ್ಪಿಕೊಳ್ಳಬಹುದು. ಕೊನೆಯ ಹೊಲದವನನ್ನು ಆ ಸಭೆಯಲ್ಲಿ ಮುಂದೆ ಕೂರಿಸಬಹುದು. ಮಠದ ಜಮೀನು ಕಾಲುವೆಯ ಮೇಲುಭಾಗದಲ್ಲಿದ್ದರೆ ಅದರ ಲೆಕ್ಕವನ್ನೇ ಮೊದಲು ಓದತಕ್ಕದ್ದು.