ಶ್ರವಣಸುಖವೂ ವಿವೇಕವೂ

ಸಾಧನವಿರುವುದು ಸಾಧ್ಯಕ್ಕಾಗಿ, ಸಾಧ್ಯವು ಸಾಧನಕ್ಕಾಗಿ ಅಲ್ಲ. ಈ ಮಾತನ್ನು ಒಪ್ಪದವರಿಲ್ಲ. ನಡೆವಳಿಕೆಯಲ್ಲಿ ಉಳಿಸಿಕೊಂಡವರು ಮಾತ್ರ ವಿರಳ. ಮನೆಯಲ್ಲಿ ಸಂಗೀತವನ್ನು ಕೇಳುವುದಕ್ಕೆಂದು ಕೊಳ್ಳುವ ಯಂತ್ರಗಳ ವಿಷಯದಲ್ಲಿ ಈ ತೊಡಕು ಚೆನ್ನಾಗಿ ಕಾಣುವುದು. ಅವುಗಳೊಳಗೆ ಪ್ರೀಆಂಪ್ಲಿಫೈಯರ್ ಎಂಬ ಪೆಟ್ಟಿಗೆಯು ವಿಶೇಷ ವಿಚಾರಕ್ಕೆ ಯೋಗ್ಯವಾದುದು. ಉತ್ತಮ ದರ್ಜೆಯದಕ್ಕೆ ಹಲವು ಲಕ್ಷ ರೂಪಾಯಿ ಬೆಲೆಯುಂಟು.

ಇದರ ಕೆಲಸವೇನು? ಗ್ರಾಮಫೋನ್ ತಟ್ಟೆಯ ಗೀರಿನಲ್ಲಿ ಸೂಜಿಯು ಸರಿಯುವಾಗ ಹುಟ್ಟುವ ವಿದ್ಯುತ್ತು ಅತ್ಯಲ್ಪ. ಸಾಮಾನ್ಯವಾಗಿ 5 ಮಿಲಿವೋಲ್ಟಿನಷ್ಟು, ಕೆಲವು ಬಗೆಯ ಸೂಜಿಗಳಲ್ಲಿ ಅರ್ಧ ಮಿಲಿವೋಲ್ಟಿಗಿಂತಲೂ ಕಡಮೆ. ಅದನ್ನು ನೂರು ಮಡಿಯೋ ಇನ್ನೂ ಹೆಚ್ಚೋ ಬೆಳೆಯಿಸಿ ಮುಂದಿನ ಯಂತ್ರಕ್ಕೆ ಒಪ್ಪಿಸಬೇಕು. ತಟ್ಟೆಯನ್ನು ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುವರು. 1954ರಲ್ಲಿ ಅಮೆರಿಕದಲ್ಲಿ ನಿಗದಿಯಾದ ಪ್ರಮಾಣದಂತೆ ಅದನ್ನು ಮರಳಿ ಸರಿಪಡಿಸಬೇಕು. ಈ ಮೊದಲ ಹಂತದಲ್ಲಿ ಸೇರಿದ ಸಣ್ಣ ಗುಂಯ್‌ಕಾರವು ಮುಂದಿನ ಹಂತಗಳಲ್ಲೆಲ್ಲ ಸ್ವರದೊಡನೆ ತಾನೂ ಬೆಳೆಯುವುದು. ಆರಂಭದ ದೋಷವು ಅಂತ್ಯದವರೆಗೆ ಹಿಂಬಾಲಿಸುವುದೆಂಬ ನೀತಿಗೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಶಬ್ದವು ನಿತ್ಯವೆಂದು ಮೀಮಾಂಸಕರೂ ಅನಿತ್ಯವೆಂದು ನೈಯಾಯಿಕರೂ ವಾದಿಸಿದರು. ಮೀಮಾಂಸಕರ ಮತದಲ್ಲಿ ಉಚ್ಚಾರಣೆಯು ಶಬ್ದವನ್ನು ಹುಟ್ಟಿಸುವುದಿಲ್ಲ, ವ್ಯಕ್ತಪಡಿಸುವುದು ಮಾತ್ರ. ಆ ವಾದದ ಜಯಾಪಜಯ ಹೇಗೇ ಇರಲಿ, ಈ ಪೆಟ್ಟಿಗೆಯು ವ್ಯಂಜಕವಾಗಿರಬೇಕೇ ಹೊರತು ಜನಕವಾಗಬಾರದು. ದೀಪವು ಗಡಿಗೆಯನ್ನು ತೋರಿಸುವುದು. ಗಡಿಗೆಗೆ ಮಣ್ಣನ್ನು ಸೇರಿಸುವುದಿಲ್ಲ.

ಆದರೆ ಸೇರಿಸುವ ದೀಪಗಳೂ ಉಂಟು. ಕೆಲವು ವಾಲ್ವ್ ಯಂತ್ರಗಳು ಮೂಲಸ್ವರದೊಡನೆ ಅದರ ಇಮ್ಮಡಿ ಕಂಪನವನ್ನು, ಎಂದರೆ ಮೇಲಿನ ಸ್ಥಾಯಿಯ ಅದೇ ಸ್ವರವನ್ನು, ತುಸು ಬೆರೆಸುವುವು. ಕಿವಿಗೆ ಅದು ಇಂಪು. ದಾಸವಾಳದ ಬಳಿಯಿಟ್ಟ ಸ್ಫಟಿಕವು ಕೆಂಪಾಗಿ ಕಾಣುವಂತೆ ಗಾಯಕನ ಕಂಠವು ತನ್ನದಲ್ಲದ ಬಣ್ಣವನ್ನು ಪಡೆಯುವುದು. ಇಂಪನ್ನು ಬಯಸುವುದು ಪಾಪವಲ್ಲ. ಇಂಪನ್ನೇ ಸತ್ಯವೆಂದು ತನಗೆ ತಾನು ಹೇಳಿಕೊಳ್ಳುವುದು ದೋಷ.

ಇನ್ನು, ಮಂಗಳೂರಿನ ಬೆಂಗ್ರೆಯಲ್ಲಿ ಇಂತಹ ಯಂತ್ರವನ್ನು ಕೊಳ್ಳಬಯಸುವ ಗೃಹಸ್ಥನೊಬ್ಬನನ್ನು ವಾಚಕರು ಭಾವಿಸಿಕೊಳ್ಳಲಿ. ಪಡುವಣದಲ್ಲಿ ಕಡಲು, ಮೂಡಣದಲ್ಲಿ ಫಲ್ಗುಣೀ ನದಿ, ಹೊಳೆಯಾಚೆ ಹಳೆಯ ಬಂದರು. ನಡುವೆ ಮರಳಿನ ಕಿರಿದಾದ ಪಟ್ಟಿ. ಗುಂಯ್‌ಕಾರವಿಲ್ಲದ ಮೌನಕ್ಕಾಗಿ ಲಕ್ಷಗಟ್ಟಲೆ ತೆತ್ತವನ ಬಾಗಿಲಿಗೆ ಆಷಾಢದ ತೆರೆಗಳ ಘೋಷವು ಕೇಳದೆಯೇ ಬರುವುದು. ಯಂತ್ರವು ನೀಗಿಸಿದ ಸದ್ದಿಗಿಂತ ಅದು ಎಷ್ಟೋ ಪಾಲು ದೊಡ್ಡದು. ಉಪ್ಪುಗಾಳಿಯು ತಂತಿಯ ಕೀಲುಗಳನ್ನು ಕಿಲುಬಿಸುವುದು. ಧ್ವನಿಯನ್ನು ಏರಿಳಿಸುವ ತಿರುಪು ಕೆಲಕಾಲದಲ್ಲಿ ಕರಕರಗುಟ್ಟುವುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುವುದರಿಂದ ಆ ಸಂಪಾದನೆಯನ್ನೇ ನಂಬಿದ ನೆರೆಮನೆಗಳು ಕೂಡಿಟ್ಟುದರಲ್ಲೋ ಸಾಲದಲ್ಲೋ ದಿನ ಕಳೆಯುವುವು. ಅಂತಹ ನೆರೆಯಲ್ಲಿ ಈ ಪೆಟ್ಟಿಗೆ ಸಲ್ಲುವುದೇ?

ಸಲ್ಲದೆಂಬುದು ಪೂರ್ವಪಕ್ಷ. ಗೌಹರ್ ಜಾನ್ 1902ರಲ್ಲಿ ಹಾಡಿದುದು ತಗಡಿನ ಕಹಳೆಯ ಮುಂದೆ. ಆಗ ಮುದ್ರಣದಲ್ಲಿ ವಿದ್ಯುತ್ತಿನ ಸಹಾಯವೇ ಇರಲಿಲ್ಲ. ಆಕೆ 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡಳು. ಆ ಒರಟು ತಟ್ಟೆಗಳನ್ನು ಜನರು ಇಂದಿಗೂ ಆದರದಿಂದ ಕೇಳುತ್ತಿರುವರು. ರಸವು ಬೆಲೆಯನ್ನು ಅವಲಂಬಿಸಿದ್ದರೆ ಇದು ಹೇಗಾಗುತ್ತಿತ್ತು? ಈ ಆಕ್ಷೇಪವು ಬಲವುಳ್ಳದ್ದು, ಆದರೆ ಪೂರ್ಣವಲ್ಲ. ಗಾಯಕನು ವರ್ಷಗಟ್ಟಲೆ ಸಾಧಿಸಿ ಒಂದು ಗಮಕವನ್ನು ಎಳೆದಿರುವಾಗ ಅದನ್ನು ಆತನು ಕೊಟ್ಟಂತೆಯೇ ಕೇಳಬೇಕೆಂಬ ಹಂಬಲವು ಬರಿಯ ಭೋಗವಲ್ಲ. ಅದರಲ್ಲಿ ವಿದ್ಯೆಗೆ ತೋರುವ ಗೌರವವೂ ಉಂಟು. ಹೀಗೆ ಒಂದೇ ಯಂತ್ರವು ಒಬ್ಬನಿಗೆ ಶ್ರೇಯಸ್ಸು, ಇನ್ನೊಬ್ಬನಿಗೆ ಪ್ರೇಯಸ್ಸು ಆಗಬಲ್ಲದು. ಭೇದವಿರುವುದು ಕೊಳ್ಳುವವನಲ್ಲಿ.

ಆ ಭೇದವನ್ನು ತಿಳಿಯಲು ಮೂರು ಪರೀಕ್ಷೆಗಳು ಸಾಕು. ಮೊದಲನೆಯದು ಹಣದ ಪರೀಕ್ಷೆ. ಮಕ್ಕಳ ಓದು, ಹಿರಿಯರ ಔಷಧ, ನೆರೆಯವನ ಆಪತ್ತು, ಇವುಗಳಿಂದ ಕಿತ್ತ ಹಣದಿಂದ ಬಂದ ನಾದವು ಎಷ್ಟು ಶುದ್ಧವಾಗಿದ್ದರೂ ಅಪಸ್ವರವೇ.

ಎರಡನೆಯದು ಆಯ್ಕೆಯ ಪರೀಕ್ಷೆ. ಎರಡು ಯಂತ್ರಗಳಲ್ಲಿ ತುಸು ಗಟ್ಟಿಯಾಗಿ ನುಡಿಯುವುದೇ ಉತ್ತಮವೆಂದು ಕಿವಿ ಭ್ರಮಿಸುವುದು. ಆದುದರಿಂದ ಧ್ವನಿಯನ್ನು ಅಳೆದು ಸಮಗೊಳಿಸಿ ಕೇಳತಕ್ಕದ್ದು. ಹೆಸರೂ ಬೆಲೆಯೂ ಕಾಣದಂತೆ ಬಟ್ಟೆ ಹೊದಿಸಿ, ಪರಿಚಿತವಾದ ಹಾಡನ್ನೇ ಕೇಳತಕ್ಕದ್ದು. ಇದಕ್ಕೆ ಅಳತೆಗೋಲು ಪ್ರತ್ಯಕ್ಷಾನುಭವ. ಬಯಲಾಟದ ಎದುರು ಇರುಳೆಲ್ಲ ಕುಳಿತು ಭಾಗವತರ ಪದವನ್ನೂ ಚೆಂಡೆಯ ಪೆಟ್ಟನ್ನೂ ಕೇಳಿದವನಿಗೆ ಅಂಗಡಿಯವನ ವರ್ಣನೆಯು ಬೇಕಾಗಿಲ್ಲ. ಈ ಪ್ರಮಾಣವು ತುಳುನಾಡಿನ ಬಡವನಿಗೂ ಬಿಟ್ಟಿಯಾಗಿ ದೊರೆಯುವುದು.

ಮೂರನೆಯದು ಬಾಳಿನ ಪರೀಕ್ಷೆ, ಎಲ್ಲಕ್ಕಿಂತ ಕಠಿನವಾದುದು. ಯಂತ್ರವು ಮನೆಗೆ ಬಂದು ತಿಂಗಳಾದ ಮೇಲೆ ಗೃಹಸ್ಥನು ಹಾಡನ್ನು ಕೊನೆಯವರೆಗೆ ಕೇಳುವನೋ, ಅಥವಾ ಒಂದು ಗುಣವನ್ನು ಪರೀಕ್ಷಿಸಲು ಪಲ್ಲವಿಯಲ್ಲೇ ತಟ್ಟೆಯನ್ನು ಬದಲಿಸುವನೋ? ಅಡುಗೆಮನೆಯ ಸಣ್ಣ ರೇಡಿಯೋದೊಡನೆ ತಾಯಿಯು ಗುನುಗಿದರೆ ನಿಂತು ಕೇಳುವನೋ, ಮುಖ ಸಿಂಡರಿಸುವನೋ? ಮುಖ ಸಿಂಡರಿಸಿದನಾದರೆ ಅವನ ಕಿವಿ ಸೂಕ್ಷ್ಮವಾಗಲಿಲ್ಲ, ಸಂಕುಚಿತವಾಯಿತು. ಅವನು ಯಂತ್ರದ ಮೂಲಕ ಹಾಡನ್ನು ಕೇಳುವುದನ್ನು ಬಿಟ್ಟು, ಹಾಡಿನ ಮೂಲಕ ಯಂತ್ರವನ್ನು ಕೇಳತೊಡಗಿದನು.

ಪಡೆದುದಕ್ಕೆ ತನ್ನದೇನನ್ನೂ ಬೆರೆಸದೆ ಮುಂದಕ್ಕೆ ಒಪ್ಪಿಸುವುದೇ ಆ ಪೆಟ್ಟಿಗೆಯ ಧರ್ಮ. ಅದರ ಯಜಮಾನನೂ ಹಾಡಿಗೆ ತನ್ನ ಹೆಮ್ಮೆಯನ್ನು ಬೆರೆಸದಿರಬೇಕು. ಅಷ್ಟಾದರೆ ಬೆಂಗ್ರೆಯ ಕಡಲಿನ ಘೋಷವು ಅವನಿಗೆ ಅಡ್ಡಿಯಾಗಿ ತೋರದು. ಹಾಡು ಮುಗಿದ ಮೇಲೆ ಅದನ್ನೂ ಅವನು ಕೇಳುವನು.