ಹೆಸರು ಕೊಟ್ಟ ಮೇಲೆ

ಮಾತು ಕೊಡುವುದು ಸುಲಭ. ಅದರ ಮೇಲೆ ಇನ್ನೊಬ್ಬರ ಪ್ರಾಣ ನಿಂತಿದೆಯೆಂದು ತಿಳಿದಾಗಲೇ ಅದರ ಭಾರ ಗೊತ್ತಾಗುವುದು. ಅಸ್ಥಿಮಜ್ಜೆಯ ದಾನಕ್ಕೆ ಹೆಸರು ನೋಂದಾಯಿಸುವವರು ಕೊಡುವುದು ಇಂತಹ ಮಾತನ್ನೇ.

ರಕ್ತದ ಕ್ಯಾನ್ಸರ್, ಥಲಸೇಮಿಯಾದಂತಹ ಕಾಯಿಲೆಗಳಲ್ಲಿ ಕೆಲವು ರೋಗಿಗಳು ಬದುಕಲು ಬೇರೊಬ್ಬರ ಮಜ್ಜೆ ಬೇಕಾಗುತ್ತದೆ. ಇಲ್ಲಿ ಮುಖ್ಯವಾಗಿ ನೋಡುವುದು ರಕ್ತದ ಗುಂಪನ್ನಲ್ಲ; ಎಚ್‌ಎಲ್‌ಎ ಎಂಬ ವಂಶವಾಹಿ ಗುರುತುಗಳನ್ನು. ಇವು ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತವೆ. ಆದ್ದರಿಂದ ಒಡಹುಟ್ಟಿದ ಒಬ್ಬರೊಂದಿಗೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಅರ್ಧ ಹೊಂದುವ ಬಂಧುಗಳಿಂದಲೂ ಇಂದು ಕಸಿ ನಡೆಯುತ್ತದೆ. ಆದರೂ ಅನೇಕರಿಗಾಗಿ ಅಪರಿಚಿತರ ನಡುವೆ ಹುಡುಕಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ ಶರ್ಲಿ ನೋಲನ್ ಎಂಬ ತಾಯಿ ತನ್ನ ಮಗ ಆಂಥನಿಗಾಗಿ 1974ರಲ್ಲಿ ಇಂತಹ ದಾನಿಗಳ ಪಟ್ಟಿಯನ್ನು ಆರಂಭಿಸಿದರು. ಮಗನಿಗೆ ಹೊಂದುವವರು ಸಿಗಲೇ ಇಲ್ಲ; 1979ರಲ್ಲಿ ಆತ ತೀರಿಕೊಂಡ. ಪಟ್ಟಿ ಮಾತ್ರ ಮುಚ್ಚಲಿಲ್ಲ. ತನ್ನ ಮಗುವಿಗೆ ಒದಗದ್ದು ಪರರ ಮಕ್ಕಳಿಗೆ ಒದಗಿತು. ಇಂದು ಲೋಕದಾದ್ಯಂತ ಇಂತಹ ಪಟ್ಟಿಗಳಲ್ಲಿ 4 ಕೋಟಿಗೂ ಹೆಚ್ಚು ಹೆಸರುಗಳಿವೆ. ಬೆಂಗಳೂರು, ಚೆನ್ನೈಗಳಲ್ಲೂ ನೋಂದಣಿ ಸಂಸ್ಥೆಗಳಿವೆ. ಆದರೆ ಹೊಂದಿಕೆ ಸಿಗುವುದು ಹೆಚ್ಚಾಗಿ ಒಂದೇ ಮೂಲದ ಜನರಲ್ಲಿ. ಭಾರತೀಯರ ಹೆಸರುಗಳಾದರೋ ನಮ್ಮ ಜನಸಂಖ್ಯೆಗೆ ಹೋಲಿಸಿದರೆ ತೀರಾ ಕಡಿಮೆ. ಈ ಗುರುತುಗಳು ಧರ್ಮವನ್ನು ಕೇಳುವುದಿಲ್ಲ. ನಿಮ್ಮ ಮಗುವಿಗೆ ಬೇಕಾದ ಮಜ್ಜೆ ಹಿಂದೂ ಅಥವಾ ಕ್ರೈಸ್ತ ಸಹೋದರನಲ್ಲಿರಬಹುದು; ಅವರ ಮಗುವಿಗೆ ಬೇಕಾದುದು ನಿಮ್ಮಲ್ಲಿರಬಹುದು.

ಪ್ರಿಯ ಓದುಗರೇ, ಕೆನ್ನೆಯ ಒಳಭಾಗಕ್ಕೆ ಹತ್ತಿಯ ಕಡ್ಡಿ ತಾಗಿಸಿದರೆ ನೋಂದಣಿ ಮುಗಿಯಿತು. ಕರೆ ಬರುವುದು ವರ್ಷಗಳ ನಂತರ, ಬಾರದೆಯೂ ಇರಬಹುದು. ಬಂದಾಗ ಮನೆಯಲ್ಲಿ ತಾಯಿ ಹೆದರುತ್ತಾರೆ. ಇಂದು ಹೆಚ್ಚಿನ ದಾನಿಗಳಿಂದ ಮೂಲಕೋಶಗಳನ್ನು ಪಡೆಯುವುದು ತೋಳಿನ ರಕ್ತದಿಂದ; ಅದಕ್ಕೆ ಮುನ್ನ ಕೆಲವು ದಿನ ಚುಚ್ಚುಮದ್ದು, ಒಂದಷ್ಟು ಮೈಕೈ ನೋವು. ಕೊಟ್ಟದ್ದನ್ನು ದೇಹ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ.

ದಾನಿಯು ಯಾವ ಕ್ಷಣದಲ್ಲೂ ಹಿಂದೆ ಸರಿಯಬಹುದು. ಯಾರೂ ಬಲವಂತ ಮಾಡುವಂತಿಲ್ಲ. ಹಾಗಾದರೆ ಹಿಂದೆ ಸರಿಯುವುದು ತಪ್ಪಲ್ಲವೇ? ಕಸಿಗೆ ಮುಂಚಿನ ದಿನಗಳಲ್ಲಿ ಕಠಿಣ ಔಷಧಿಗಳಿಂದ ರೋಗಿಯ ಸ್ವಂತ ಮಜ್ಜೆಯನ್ನು ನಾಶ ಮಾಡುತ್ತಾರೆ. ಆ ಬಳಿಕ ಅವರ ದೇಹ ರಕ್ತವನ್ನು ತಯಾರಿಸಲಾರದು. ಆಗ ನೀವು 'ಬೇಡ' ಎಂದರೆ ಒಂದು ಜೀವವನ್ನು ನಡುನೀರಿನಲ್ಲಿ ಕೈಬಿಟ್ಟಂತೆ. ಕಾನೂನು ನಿಮ್ಮನ್ನು ಕೇಳದಿರಬಹುದು. ಪರಲೋಕದಲ್ಲಿ ಕರಾರಿನ ಬಗ್ಗೆ ಪ್ರಶ್ನೆ ಇದೆಯೆಂಬುದನ್ನು ಸತ್ಯವಿಶ್ವಾಸಿ ಮರೆಯಬಾರದು. ನಿಜವಾದ ಅನಾರೋಗ್ಯ ಅಡ್ಡ ಬಂದರೆ ಅದು ಬೇರೆ ಮಾತು. ಆದರೆ ಅಂಜಿಕೆ, ಉದಾಸೀನಗಳು ನೆಪವಾಗಲಾರವು.

ಆದ್ದರಿಂದ ಹೆಸರು ಕೊಡುವ ಮೊದಲೇ ಯೋಚಿಸಿರಿ. ವೈದ್ಯರಲ್ಲಿ ವಿಚಾರಿಸಿರಿ, ಸಂಶಯವಿದ್ದರೆ ಉಲಮಾಗಳಲ್ಲಿ ಕೇಳಿರಿ, ತಾಯಿಯನ್ನೂ ಮನೆಯವರನ್ನೂ ಕೂರಿಸಿ ಮಾತನಾಡಿರಿ. ಮನಸ್ಸು ಒಪ್ಪದಿದ್ದರೆ ಹೆಸರು ಕೊಡಬೇಡಿ, ಅದರಲ್ಲಿ ಪ್ರಾಮಾಣಿಕತೆಯಿದೆ. ಒಪ್ಪಿದರೆ ಅದನ್ನು ಅಮಾನತ್ತೆಂದು ತಿಳಿಯಿರಿ, ವಿಳಾಸ ಬದಲಾದರೆ ತಿಳಿಸಿರಿ. ನಿಮ್ಮ ಮಜ್ಜೆ ಯಾರಿಗೆ ಹೋಗುತ್ತದೆಂದು ಆಗ ನಿಮಗೆ ಹೇಳುವುದಿಲ್ಲ. ಹೊಗಳಿಕೆಯ ಆಸೆಯಿಲ್ಲದೆ ಅಲ್ಲಾಹನ ಸಂಪ್ರೀತಿಗಾಗಿ ಕೊಡಬಯಸುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಯಾವುದಿದೆ?

ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.