ಪಶ್ಚಾತ್ತಾಪಕ್ಕೆ ತಕ್ಕ ಫಲ: ತಪಸ್ಸು ಕಾಲದ ಹಿಂದಿರುವ ವಿಚಾರ

‘ಪಶ್ಚಾತ್ತಾಪ’ ಎಂಬ ಪದವನ್ನು ಬಿಡಿಸಿದರೆ ‘ಪಶ್ಚಾತ್’ ಮತ್ತು ‘ತಾಪ’ ಎಂಬ ಎರಡು ಸಂಸ್ಕೃತ ಪದಗಳು ದೊರೆಯುತ್ತವೆ. ಮಾಡಬಾರದ್ದನ್ನು ಮಾಡಿ ಮುಗಿಸಿದ ಮೇಲೆ ಒಳಗೆ ಏಳುವ ಬೇಗೆ ಎಂಬುದು ಅದರ ನೇರ ಅರ್ಥ. ಕ್ರೈಸ್ತ ಪರಿಭಾಷೆಯಾಗಿ ಈ ಪದ ಕನ್ನಡದಲ್ಲಿ ನೆಲೆಯೂರಿದ್ದರೂ ಮೂಲ ಪರಿಕಲ್ಪನೆಯ ಅರ್ಧವಷ್ಟೇ ಅದರ ಹಿಡಿತಕ್ಕೆ ಸಿಗುತ್ತದೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ‘ಮೆಟನೊಯಿಯ’ ಎಂಬ ಪದವು ಮನಸ್ಸು, ಅಂದರೆ ಅರಿಯುವ ಮತ್ತು ನಿಶ್ಚಯಿಸುವ ಶಕ್ತಿಯೇ, ಬೇರೆಯಾಗುವುದನ್ನು ಸೂಚಿಸುತ್ತದೆ. ಅದರ ಹಿನ್ನೆಲೆಯಲ್ಲಿರುವ ಹೀಬ್ರೂ ಧಾತು ‘ಶೂವ್’ ಇನ್ನೂ ಸರಳವಾದದ್ದು, ತಪ್ಪಿದ ದಾರಿಯಿಂದ ಹಿಂದಿರುಗಿ ಬರುವುದು ಎಂದಷ್ಟೇ ಅದರ ಅರ್ಥ. ಕನ್ನಡ ಬೈಬಲಿನ ಅನುವಾದಕರು ‘ಪಶ್ಚಾತ್ತಾಪ’ವೊಂದನ್ನೇ ನಂಬಿ ಕೂರದೆ, ಒಬ್ಬರು ‘ಮಾನಸಾಂತರ’ ಎಂದು, ಮತ್ತೊಬ್ಬರು ದೇವರ ಕಡೆಗೆ ‘ತಿರುಗಿಕೊಳ್ಳುವುದು’ ಎಂದು, ಕಥೋಲಿಕ ಅನುವಾದದವರು ಪಾಪಕ್ಕೆ ‘ವಿಮುಖ’ರಾಗಿ ದೇವರಿಗೆ ‘ಅಭಿಮುಖ’ರಾಗುವುದು ಎಂದು ಹೇಳಿರುವುದಕ್ಕೆ ಕಾರಣ ಈ ಕೊರತೆಯೇ ಇರಬೇಕು. ಬೇಗೆ ತಾನಾಗಿ ಬರುತ್ತದೆ, ಆದರೆ ಮುಖ ತಿರುಗಿಸುವುದಕ್ಕೆ ಸಂಕಲ್ಪ ಬೇಕು.

ಈ ಎರಡರ ಅಂತರವನ್ನು ಸುವಾರ್ತೆಗಳು ಸಿದ್ಧಾಂತವಾಗಿ ಮಂಡಿಸದೆ ಇಬ್ಬರು ಶಿಷ್ಯರ ನಡೆಯಲ್ಲಿ ತೋರಿಸಿವೆ. ಯೇಸುವನ್ನು ಹಿಡಿದುಕೊಟ್ಟ ಯೂದನು ತನ್ನ ತಪ್ಪನ್ನು ಅರಿತನು, ಬಾಯಿಬಿಟ್ಟು ಒಪ್ಪಿಕೊಂಡನು, ಪಡೆದ 30 ಬೆಳ್ಳಿಯ ನಾಣ್ಯಗಳನ್ನೂ ಹಿಂದಿರುಗಿಸಿದನು. ಹೊರನೋಟಕ್ಕೆ ಪಶ್ಚಾತ್ತಾಪದ ಎಲ್ಲ ಲಕ್ಷಣಗಳೂ ಅಲ್ಲಿವೆ. ಆದರೂ ಮತ್ತಾಯನ ಸುವಾರ್ತೆ ಅಲ್ಲಿ ಮೆಟನೊಯಿಯಕ್ಕೆ ಸಂಬಂಧಿಸಿದ ಕ್ರಿಯಾಪದವನ್ನು ಬಳಸದೆ, ಮನಸ್ಸಿನ ಕೊರಗನ್ನು ಸೂಚಿಸುವ ಬೇರೊಂದನ್ನು ಬಳಸಿದೆ. ಮೂರು ಸಲ ಗುರುವನ್ನು ಅರಿಯೆನೆಂದ ಪೇತ್ರನೂ ವ್ಯಥೆಪಟ್ಟು ಅತ್ತನು, ಆದರೆ ಅಳು ಮುಗಿದ ಮೇಲೆ ಉಳಿದ ಶಿಷ್ಯರ ನಡುವೆ ಉಳಿದುಕೊಂಡನು. ಯೂದನ ಕೊರಗು ಅವನನ್ನು ಯಾರ ಬಳಿಗೂ ಕರೆದೊಯ್ಯಲಿಲ್ಲ ಎಂಬುದೇ ಅವರಿಬ್ಬರ ನಡುವಣ ವ್ಯತ್ಯಾಸ.

ಕೊರಗಿಗೆ ಬೆಲೆಯಿಲ್ಲ ಎಂಬ ವಾದ ತತ್ತ್ವಶಾಸ್ತ್ರದಲ್ಲಿ ಹೊಸದೇನಲ್ಲ. 1677ರಲ್ಲಿ, ಲೇಖಕನ ಮರಣಾನಂತರ, ಪ್ರಕಟವಾದ ‘ಎಥಿಕ್ಸ್’ನಲ್ಲಿ ಸ್ಪಿನೋಜ಼ನು ಪಶ್ಚಾತ್ತಾಪವು ಸದ್ಗುಣವಲ್ಲ, ಅದು ವಿವೇಕದಿಂದ ಹುಟ್ಟುವುದಿಲ್ಲ, ಮೊದಲು ಕೆಟ್ಟ ಬಯಕೆಗೂ ಆಮೇಲೆ ದುಃಖಕ್ಕೂ ಸೋಲುವವನು ಎರಡು ಬಾರಿ ದುರ್ಬಲನಾಗುತ್ತಾನೆ ಎಂದು ವಾದಿಸಿದನು. ಪಶ್ಚಾತ್ತಾಪವೆಂದರೆ ಬೇಗೆಯಷ್ಟೇ ಆಗಿದ್ದರೆ ಈ ಮಾತಿಗೆ ಉತ್ತರ ಹುಡುಕುವುದು ಕಷ್ಟ. ಇದಕ್ಕೆ ಗಟ್ಟಿಯಾದ ಪ್ರತ್ಯುತ್ತರವನ್ನು 20ನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನ್ ದಾರ್ಶನಿಕ ಮ್ಯಾಕ್ಸ್ ಶೇಲರ್ ಕೊಟ್ಟನು. ನಡೆದ ಘಟನೆಯನ್ನು ಅಳಿಸಲಾಗದು ಎಂಬುದು ನಿಜ, ಆದರೆ ಒಂದು ಬಾಳಿನ ಒಟ್ಟು ಹಂದರದಲ್ಲಿ ಆ ಘಟನೆಗೆ ಇರುವ ಅರ್ಥವು ಬಾಳು ಮುಗಿಯುವವರೆಗೂ ತೀರ್ಮಾನವಾಗಿರುವುದಿಲ್ಲ. ತನ್ನ ತಪ್ಪನ್ನು ತನ್ನದೆಂದು ಒಪ್ಪಿಕೊಂಡವನು ಅದು ತನ್ನ ಮುಂದಿನ ನಡೆಯನ್ನು ಒಳಗಿನಿಂದಲೇ ಆಳುವುದನ್ನು ತಡೆಯುತ್ತಾನೆ ಎಂಬುದು ಅವನ ನಿಲುವು. ಹೀಗೆ ನೋಡಿದಾಗ ಪಶ್ಚಾತ್ತಾಪದ ಕಣ್ಣು ಹಿಂದಿದ್ದರೂ ಅದರ ಕೆಲಸ ಮುಂದಿನದಾಗುತ್ತದೆ.

ಪದವೊಂದರ ಅನುವಾದ ಇತಿಹಾಸವನ್ನೇ ಅಲುಗಿಸಿದ ಅಪರೂಪದ ನಿದರ್ಶನವೂ ಇಲ್ಲಿದೆ. ಲ್ಯಾಟಿನ್ ಬೈಬಲು ಮೆಟನೊಯಿಯಕ್ಕೆ ಬಳಸಿದ ಪದಕ್ಕೆ ಮನಃಪರಿವರ್ತನೆಯ ಜೊತೆಗೆ ಪ್ರಾಯಶ್ಚಿತ್ತ ಮಾಡುವುದು ಎಂಬ ಅರ್ಥವೂ ಇತ್ತು. ಗುರುಗಳ ಬಳಿ ಪಾಪನಿವೇದನೆ ಮಾಡಿ ವಿಧಿಸಿದ ಪ್ರಾಯಶ್ಚಿತ್ತವನ್ನು ಸಲ್ಲಿಸುವ ಕ್ರಮ ಈ ಅರ್ಥದ ಸುತ್ತ ಬೆಳೆಯಿತು, ಮತ್ತು 1215ರ ಲ್ಯಾಟರನ್ ಮಹಾಸಭೆ ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಕಡ್ಡಾಯವೆಂದು ನಿಯಮಿಸಿತು. 1516ರಲ್ಲಿ ಎರಾಸ್ಮಸ್ ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಮುದ್ರಿಸಿದ ಮರುವರ್ಷವೇ ಮಾರ್ಟಿನ್ ಲೂಥರನು ತನ್ನ 95 ಪ್ರಮೇಯಗಳ ಮೊದಲನೆಯದರಲ್ಲಿ, ಕ್ರಿಸ್ತನು ಕೇಳುವ ಪಶ್ಚಾತ್ತಾಪ ಒಂದು ದಿನದ ವಿಧಿಯಾಗಿರದೆ ವಿಶ್ವಾಸಿಯ ಇಡೀ ಬಾಳನ್ನು ವ್ಯಾಪಿಸಿದ್ದೆಂದು ಸಾರಿದನು. ಕಥೋಲಿಕ ಸಭೆಯೂ 1551ರಲ್ಲಿ ಟ್ರೆಂಟ್ ಮಹಾಸಭೆಯ ಮೂಲಕ, ಬಾಯಿಂದ ಹೇಳುವ ನಿವೇದನೆಗೆ ಹೃದಯದ ನಿಜವಾದ ದುಃಖ ಮತ್ತು ಮತ್ತೆ ಪಾಪ ಮಾಡೆನೆಂಬ ಸಂಕಲ್ಪ ಅಗತ್ಯವೆಂದು ಸ್ಪಷ್ಟಪಡಿಸಿತು. ವಿಧಿಯ ಬಗ್ಗೆ ಎರಡೂ ಪಕ್ಷಗಳು ಇಂದಿಗೂ ಒಮ್ಮತಕ್ಕೆ ಬಂದಿಲ್ಲವಾದರೂ ಫಲವಿಲ್ಲದ ಪಶ್ಚಾತ್ತಾಪವನ್ನು ಯಾರೂ ಸಮರ್ಥಿಸುವುದಿಲ್ಲ.

ಆ ಫಲವೆಂದರೆ ಏನು? ಕನ್ನಡದ ಓದುಗನಿಗೆ ‘ಫಲ’ ಎಂದೊಡನೆ ‘ಕರ್ಮಫಲ’ ನೆನಪಾಗುವುದು ಸಹಜ, ಮತ್ತು ಅದು ಮಾಡಿದವನೇ ಉಣ್ಣಬೇಕಾದದ್ದು. ಸುವಾರ್ತೆಯ ರೂಪಕ ಬೇರೆ ಬಗೆಯದು: ಯಾವ ಮರವೂ ತನ್ನ ಹಣ್ಣನ್ನು ತಾನು ತಿನ್ನುವುದಿಲ್ಲ. ಪಶ್ಚಾತ್ತಾಪಕ್ಕೆ ತಕ್ಕ ಫಲವನ್ನು ಕೊಡಿರೆಂದು ಸ್ನಾನಿಕ ಯೋಹಾನನು ಕರೆಕೊಟ್ಟಾಗ ಏನು ಮಾಡಬೇಕೆಂದು ಜನ ಕೇಳುತ್ತಾರೆ. ಲೂಕನು ದಾಖಲಿಸಿರುವ ಅವನ ಉತ್ತರಗಳಲ್ಲಿ ಉಪವಾಸವಾಗಲಿ ಬಲಿಯಾಗಲಿ ಒಮ್ಮೆಯೂ ಬರುವುದಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದನ್ನು ಕೊಡಬೇಕು, ಸುಂಕದವನು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬಾರದು, ಸಿಪಾಯಿಯು ಯಾರನ್ನೂ ಬೆದರಿಸಿ ಹಣ ಕೀಳದೆ ತನ್ನ ಸಂಬಳದಲ್ಲಿ ತೃಪ್ತನಾಗಬೇಕು. ಸುಂಕದ ಕೆಲಸವನ್ನಾಗಲಿ ಸಿಪಾಯಿಗಿರಿಯನ್ನಾಗಲಿ ಬಿಡಬೇಕೆಂದು ಅವನು ಹೇಳದಿರುವುದು ಗಮನಾರ್ಹ. ಇದ್ದ ಜಾಗದಲ್ಲೇ, ಯಾವ ಕೈಯಿಂದ ಅನ್ಯಾಯ ನಡೆದಿತ್ತೋ ಅದೇ ಕೈಯಿಂದ ಫಲ ಬರಬೇಕಾಗಿದೆ. ಯೆರಿಕೋ ಪಟ್ಟಣದ ಮುಖ್ಯ ಸುಂಕದವನಾದ ಜಕ್ಕಾಯನು ಇದನ್ನು ಲೆಕ್ಕದಲ್ಲಿಯೇ ತೋರಿಸಿಕೊಟ್ಟನು. ತಾನಾಗಿ ತಪ್ಪೊಪ್ಪಿಕೊಂಡವನು ಕಿತ್ತುಕೊಂಡದ್ದರ ಜೊತೆಗೆ ಅದರ ಐದನೆಯ ಒಂದು ಪಾಲನ್ನು ಸೇರಿಸಿ ಕೊಟ್ಟರೆ ಸಾಕೆಂದು ಮೋಶೆಯ ಧರ್ಮಶಾಸ್ತ್ರ ಹೇಳಿದ್ದರೂ, ಅವನು ಆಸ್ತಿಯ ಅರ್ಧವನ್ನು ಬಡವರಿಗೂ ಮೋಸಹೋದವರಿಗೆ ನಾಲ್ಕರಷ್ಟನ್ನೂ ಕೊಡಲು ಮುಂದಾದನು. ಕಣ್ಣೀರಿನ ಉಲ್ಲೇಖ ಆ ಪ್ರಸಂಗದಲ್ಲಿ ಇಲ್ಲ.

ಬೂದಿ ಬುಧವಾರದಿಂದ ಪಾಸ್ಖ ಹಬ್ಬದವರೆಗಿನ 46 ದಿನಗಳಲ್ಲಿ ಆರು ಭಾನುವಾರಗಳನ್ನು ಕಳೆದು ಉಳಿಯುವ 40 ದಿನಗಳ ತಪಸ್ಸು ಕಾಲವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 325ರ ನಿಕೇಯ ಮಹಾಸಭೆಯ ನಿಯಮಗಳಲ್ಲಿಯೇ ‘ನಲವತ್ತರ’ ಕಾಲದ ಪ್ರಸ್ತಾಪವಿದೆ. ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳನ್ನು ಸುಟ್ಟ ಬೂದಿ ಹಣೆಗೆ ಬೀಳುವ ದಿನವೇ, ಗುಟ್ಟಾಗಿ ಕೊಡು, ಗುಟ್ಟಾಗಿ ಪ್ರಾರ್ಥಿಸು, ಉಪವಾಸವನ್ನು ಮುಖದಲ್ಲಿ ತೋರಗೊಡಬೇಡ ಎಂಬ ಬೋಧೆಯ ಭಾಗವನ್ನು ಪಠಿಸಲಾಗುತ್ತದೆ. ಗುರುತು ಹಾಕಿಸಿಕೊಂಡು ಗುರುತು ತೋರಬೇಡವೆಂದು ಕೇಳಿಸಿಕೊಳ್ಳುವ ಈ ವೈಚಿತ್ರ್ಯ ಆ ದಿನದ ಆರಾಧನೆಯ ಸೊಗಸೂ ಹೌದು. 5ನೆಯ ಶತಮಾನದ ಜಗದ್ಗುರು ಮಹಾ ಲಿಯೋ ತಮ್ಮ ಪ್ರಬೋಧನೆಗಳಲ್ಲಿ, ಉಪವಾಸದಿಂದ ಉಳಿದದ್ದು ಬಡವರ ಊಟವಾಗಬೇಕೆಂದು ಒತ್ತಿ ಹೇಳಿದರು; ಇಲ್ಲವಾದರೆ ಅದು ಖರ್ಚು ಉಳಿಸುವ ಉಪಾಯವಾದೀತು.

ಕಥೋಲಿಕರ ಮೂರು ವರ್ಷಗಳ ಪಠಣಕ್ರಮದಲ್ಲಿ ಒಂದು ವರ್ಷ, ತಪಸ್ಸು ಕಾಲದ ಮೂರನೆಯ ಭಾನುವಾರ, ಹಣ್ಣು ಬಿಡದ ಅಂಜೂರದ ಮರದ ಸಾಮತಿ ಬರುತ್ತದೆ. ಮೂರು ವರ್ಷ ಕಾದು ಬೇಸತ್ತ ಯಜಮಾನ ಮರವನ್ನು ಕಡಿಯಹೇಳಿದಾಗ, ಇದೊಂದು ವರ್ಷ ಇರಲಿ, ಬುಡ ಅಗೆದು ಗೊಬ್ಬರ ಹಾಕಿ ನೋಡುತ್ತೇನೆಂದು ತೋಟಗಾರ ಬೇಡಿಕೊಳ್ಳುತ್ತಾನೆ. ತಪಸ್ಸು ಕಾಲಕ್ಕೆ ಸಲ್ಲುವುದು ಈ ಅಗೆಯುವ ಕೆಲಸ. ಆ 40 ದಿನಗಳಲ್ಲೇ ಹಣ್ಣು ಎಣಿಸಹೊರಡುವವನು ಗಡುವನ್ನು ತಪ್ಪಾಗಿ ಓದಿದಂತೆ. ಮರುವರ್ಷ ಆ ಮರ ಕಾಯಿ ಕಚ್ಚಿತೋ ಇಲ್ಲವೋ ಎಂಬುದನ್ನು ಲೂಕನು ಬರೆದಿಲ್ಲ.